ಗುರುತಿಲ್ಲದ ಸೀಸೆ

ಬೆಳಕು ಹರಿಯುವ ಹೊತ್ತು. ಪ್ರಯೋಗಾಲಯದ ಕೊನೆಯ ಕೋಣೆಯಲ್ಲಿ ಹಬೆ ಯಂತ್ರ ಬಿಸಿಯಾಗುತ್ತಿದೆ. ಅದರ ಮುಂದೆ ನಿಂತ ಹೆಂಗಸು, ಬಿಸಾಡುವ ತಟ್ಟೆಯಲ್ಲಿ ಸಿಕ್ಕ ಪುಟ್ಟ ಗಾಜಿನ ಸೀಸೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಒಳಗೆ ಏನೂ ಕಾಣುವುದಿಲ್ಲ. ಆದರೂ ಅವರು ಅದನ್ನು ಯಂತ್ರಕ್ಕೆ ಹಾಕುವುದಿಲ್ಲ.

"ಮುಚ್ಚಳದ ಮೇಲೆ ಕೆಂಪು ಗುರುತಿಲ್ಲ, ನೋಡಿ. ಖಾಲಿ ಮಾಡಿದೋರು ಹಾಕ್ಬೇಕು. ಹಾಕಿಲ್ಲ ಅಂದ್ರೆ ಒಳಗೆ ಇದೆ ಅಂತಾನೇ ಲೆಕ್ಕ."

ಇಲ್ಲಿನ ವಿದ್ಯಾರ್ಥಿಗಳಿಗೆಲ್ಲ ಇವರು ಸೀಸೆ ಅಕ್ಕ. ಬಳಸಿದ ಗಾಜು ತೊಳೆಯುವುದು, ಬಿಸಾಡುವಂಥದ್ದನ್ನು ಮೊದಲು ಹಬೆಯಲ್ಲಿ ಬೇಯಿಸುವುದು ಇವರ ಕೆಲಸ. ಸಂಶೋಧನಾ ಪ್ರಬಂಧಗಳ ಕೊನೆಯಲ್ಲಿ ಯಂತ್ರ ಕೊಡಿಸಿದವರಿಗೂ ಕೃತಜ್ಞತೆ ಇರುತ್ತದೆ, ಇವರಿಗಿಲ್ಲ. ಇವರ ಬಗ್ಗೆ ಬರೆಯಲೆಂದು ಬಂದ ನನಗೆ ಸಿಟ್ಟು ಬರುತ್ತದೆ. ಅಕ್ಕನಿಗೆ ಅದಕ್ಕೆಲ್ಲ ಪುರುಸೊತ್ತಿಲ್ಲ.

ಸೀಸೆಯಲ್ಲಿ ಬರುವುದು ಒಂದು ಪ್ರೋಟೀನು. ಗಾಯವಾದಾಗ ಉರಿಯೂತ ಶುರುವಾಗಲಿ ಎಂದು ನಮ್ಮ ಜೀವಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶ ಅದು. ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದ ಪ್ರೋಟೀನು ಮಾಡಿಸಿ, ಶುದ್ಧಿ ಮಾಡಿ, ಒಣಗಿಸಿ ಸಂಶೋಧನೆಗೆಂದು ಮಾರುತ್ತಾರೆ. ಒಂದು ಸೀಸೆಯಲ್ಲಿರುವುದು ಎಷ್ಟು ಕಡಿಮೆಯೆಂದರೆ, ತಳದಲ್ಲಿ ಅಂಟಿಕೊಂಡಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿಯ ಅಂಥ ಸೀಸೆಯೊಂದನ್ನು ಅಕ್ಕ ಖಾಲಿಯೆಂದು ಬೇಯಿಸಿಬಿಟ್ಟಿದ್ದರು. "ಆ ಹುಡುಗ ಬೈಲಿಲ್ಲ. ಸುಮ್ನೆ ಮೆಟ್ಟಿಲ ಮೇಲೆ ಕೂತ್ಬಿಟ್ಟ. ಬೈದಿದ್ರೇ ಚೆನ್ನಾಗಿತ್ತು." ಕೆಂಪು ಗುರುತಿನ ಪದ್ಧತಿ ಬಂದದ್ದು ಆಮೇಲೆ. ಅಂಜಿಕೆ ಮಾತ್ರ ಹೋಗಲಿಲ್ಲ. "ಮನೇಲಿ ಉಪ್ಪಿನ ಡಬ್ಬಾನೂ ಬೆಳಕಿಗೆ ಹಿಡೀತೀನಂತೆ. ನಮ್ಮನೆಯವರು ಆಡ್ಕೊಂಡು ನಗ್ತಾರೆ."

ಚೀಟಿ ನೋಡಿದರೆ ಇವತ್ತಿನ ಸೀಸೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳದು. ಅವಳ ಕೊನೆಯ ಪ್ರಯೋಗ ಇವತ್ತೇ. ಕೋಶಗಳು ಬೆಳೆದು ಸಿದ್ಧವಾಗಿವೆ, ಅವಳ ಹತ್ತಿರ ಉಳಿದಿರುವ ಪ್ರೋಟೀನು ಒಂದೇ ಸೀಸೆ, ಹೊಸದು ಬರಲು ತಿಂಗಳುಗಟ್ಟಲೆ ಬೇಕು. ಆ ಒಂದೇ ಸೀಸೆ ಇದೇ ಆಗಿದ್ದರೆ? ಫೋನ್ ಮಾಡಿದರೆ ಅವಳು ಎತ್ತುತ್ತಿಲ್ಲ. ಅಕ್ಕ ಯಂತ್ರ ಆರಿಸುತ್ತಾರೆ, ಪ್ರೋಟೀನು ಕೆಡದಿರಲೆಂದು ಸೀಸೆಯನ್ನು ಐಸಿನಲ್ಲಿ ಹೂತಿಟ್ಟು ಬಾಗಿಲಿಗೂ ಮೇಜಿಗೂ ಓಡಾಡುತ್ತಾರೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ.

ಕೊನೆಗೂ ಹುಡುಗಿ ಏದುಸಿರು ಬಿಡುತ್ತ ಬರುತ್ತಾಳೆ. "ನಿನ್ನೆ ಯಾವುದು ಒಳಗಿಟ್ಟೆ, ಯಾವುದು ಹೊರಗೆ ಹಾಕ್ದೆ, ನೆನಪೇ ಆಗ್ತಿಲ್ಲ ಅಕ್ಕಾ!" ಫ್ರಿಜ್ ತೆರೆದು ತಡಕಾಡುತ್ತಾಳೆ. ಹಿಂದಿನ ಮೂಲೆಯಲ್ಲಿ, ಸೀಲೂ ಒಡೆಯದ ಸೀಸೆ ಇದೆ.

"ನಿಮ್ಮ ಹತ್ರ ಇರೋದು ಖಾಲೀದು. ಖಾಲಿ ಸೀಸೆಗೆ ಐಸ್ ಹಾಕ್ಕೊಂಡು ಕಾದ್ರಲ್ಲ!" ಅವಳು ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾಳೆ. "ನೀವೇ ಒಂದು ಗೀಟು ಎಳೆದು ಬೇಯಿಸ್ಬಿಡಿ ಅಕ್ಕಾ."

ಅಕ್ಕ ನಗುವುದಿಲ್ಲ. ಕೆಂಪು ಪೆನ್ನನ್ನು ಅವಳ ಕೈಗೆ ಕೊಡುತ್ತಾರೆ.

"ನೀನೇ ಹಾಕು ತಾಯಿ. ಖಾಲಿ ಮಾಡಿದೋಳು ನೀನು. ನಾನು ಹಾಕಿದ್ರೆ ಅದು ಊಹೆ ಆಗುತ್ತೆ. ಊಹೆ ಮೇಲೆ ನಾನು ಒಂದ್ಸಲ ಬೇಯಿಸಿದೀನಿ."