ಐಸಿನ ನೀರು, ಅತ್ತೆಯ ಗುಮಾನಿ

ತಣ್ಣೀರೆಂದರೆ ನಮ್ಮ ಅತ್ತೆಗೆ ಮೊದಲಿನಿಂದಲೂ ಗುಮಾನಿ. ಮಣ್ಣಿನ ಹರವಿಯ ನೀರನ್ನೂ ಬಾಯಲ್ಲಿ ಹಿಡಿದು ಬೆಚ್ಚಗಾಗಿಸಿ ನುಂಗುತ್ತಿದ್ದ ಆ ಜೀವ, ಬನಹಟ್ಟಿಯ ಆಸ್ಪತ್ರೆಯ ಅಂಗಳದಲ್ಲಿ ಹೆತ್ತ ಮಗನನ್ನು ಐಸಿನ ನೀರಿಗೆ ಇಳಿಸುವುದನ್ನು ಹೇಗೆ ಸಹಿಸೀತು, ನೀವೇ ಹೇಳಿ.

ಅಂದು ಬಿರುಬೇಸಿಗೆಯ ಮಧ್ಯಾಹ್ನ, ತಗಡಿನ ಚಾವಣಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ನನ್ನ ಯಜಮಾನರು ಏನೇನೋ ತೊದಲುತ್ತ ಕುಸಿದುಬಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು, ಬೆವರಿನ ಹನಿಯಿಲ್ಲ. ಕೂಡಿದ ಜನ ಮೊದಲು ಬಾಯಿ ಮೂಸಿದರು. ಎಂದೂ ಕುಡಿಯದವರ ಮೇಲೂ ಸಂಶಯಕ್ಕೆ ಎಂಥ ಅವಸರ! ಅತ್ತೆಯೋ, ಜ್ವರವೆಂದು ಕಂಬಳಿ ಹೊದಿಸಿಯೇ ಟೆಂಪೊ ಹತ್ತಿಸಿದರು.

ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ತರುಣ ಡಾಕ್ಟರು ಕಂಬಳಿ ಕಿತ್ತೆಸೆದು, ಅಂಗಿ ಕತ್ತರಿಸಿ, ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ತರಿಸಿದ ಗಡ್ಡೆಗಳನ್ನು ಸಿಮೆಂಟಿನ ತೊಟ್ಟಿಗೆ ಹಾಕಿಸಿದರು.

“ಕುದಿಯೋ ಮೈಗೆ ಐಸ ಹಾಕ್ತೀರಿ? ಸನ್ನಿ ಹಿಡದು ಸತ್ತರ ಯಾರ ಜವಾಬ್ದಾರಿರಿ?” ಅತ್ತೆ ಡಾಕ್ಟರ ತೋಳನ್ನೇ ಹಿಡಿದರು.

“ಅಮ್ಮಾ, ಝಳ ಬಡಿದಿದೆ. ಈ ಬಿಸಿ ಬೇಗ ಇಳಿಯದಿದ್ದರೆ ಮಿದುಳೇ ಬೆಂದುಹೋಗುತ್ತೆ. ಉಳಿದದ್ದೆಲ್ಲ ಆಮೇಲೆ.” ಅವರು ನನ್ನತ್ತ ನೋಡಿದರು.

“ಇಳಸ್ರಿ,” ಅಂದೆ. ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತದೆ.

ಕುತ್ತಿಗೆಯವರೆಗೆ ಮುಳುಗಿಸಿ, ತಲೆಯನ್ನು ತಾವೇ ಎತ್ತಿಹಿಡಿದು, ಡಾಕ್ಟರು ಮತ್ತೆ ಮತ್ತೆ ಥರ್ಮಾಮೀಟರ್ ನೋಡುತ್ತಿದ್ದರು. ಅಪರಿಚಿತನ ಕೈಗೆ ಜೀವವೊಂದನ್ನು ಒಪ್ಪಿಸಿದಾಗ ನಮ್ಮಲ್ಲಿ ಇರುವುದು ನಂಬಿಕೆಯಲ್ಲ, ಬೇರೆ ದಾರಿಯಿಲ್ಲದ ಅಸಹಾಯಕತೆ. ಅದರ ಮಗ್ಗುಲಲ್ಲೇ ಅನುಮಾನ ಕಣ್ಣು ಮಿಟುಕಿಸದೆ ಕಾವಲು ಕೂತಿರುತ್ತದೆ. ಇವನಿಗೆ ಇದು ಮೊದಲ ರೋಗಿಯೇ? ಪುಸ್ತಕದಲ್ಲಿ ಓದಿದ್ದನ್ನು ನನ್ನ ಗಂಡನ ಮೇಲೆ ಪರೀಕ್ಷಿಸುತ್ತಿರುವನೇ?

“ಸಾಕು, ಮೇಲೆತ್ತಿ. ಇದಕ್ಕಿಂತ ತಣ್ಣಗಾಗಬಾರದು,” ಎಂದರು ಡಾಕ್ಟರು.

“ಈಗ್ಯಾಕ ಸಾಕ್ರಿ? ಕೈ ಚೆಲ್ಲಿದಿರೇನು?” ಅತ್ತೆಯ ದನಿ ಒಡೆಯಿತು.

ಮಂಚದ ಮೇಲೆ ಯಜಮಾನರು ಕಣ್ಣು ತೆರೆದದ್ದು ಎಷ್ಟೋ ಹೊತ್ತಿನ ಮೇಲೆ. ಅತ್ತೆಗೆ ಆಗಲೂ ನೆಚ್ಚಿಕೆಯಿಲ್ಲ.

“ನಾ ಯಾರ ಹೇಳು?”

“ಅವ್ವ.”

“ಅದನ್ನ ಕೂಸೂ ಹೇಳತೈತಿ. ಇಕಿ ಯಾರು?”

ಅವರು ನನ್ನನ್ನು ಬಹಳ ಹೊತ್ತು ದಿಟ್ಟಿಸಿದರು. ಅಷ್ಟು ಹೊತ್ತೂ, ನಾನು ಹೇಳಿದ ‘ಇಳಸ್ರಿ’ ಎಂಬ ಒಂದು ಮಾತು ನನ್ನ ಎದೆಯ ಮೇಲೆ ಬಂಡೆಯಂತೆ ಕೂತಿತ್ತು.

“ಊಟಾ ಮಾಡಿಲ್ಲ ಇಕಿ,” ಎಂದರು ಕ್ಷೀಣವಾಗಿ, “ನಾ ಬರೂತನಾ ಉಣ್ಣಂಗಿಲ್ಲ.”