ಲಾಲಸಾಬರ ಬಿದಿರಿನ ಚೂರಿ

ಹಳ್ಳದ ನೀರು ತುಂಬಿದ ಬಾಟಲಿಯನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿದರೆಂದರೆ ಲಾಲಸಾಬರು ತೀರ್ಪು ಕೊಡುವ ಹೊತ್ತಾಯಿತೆಂದೇ ಅರ್ಥ. "ಇವತ್ತ ಹುಳ ಕಡಿಮಿ ಅದಾವ್ರಿ ಮೇಡಂ" ಅನ್ನುವರು. ನೀರಿನಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳಿಗೆ ಅವರಿಟ್ಟ ಹೆಸರು ಹುಳ. ನಾನು ಸೂಕ್ಷ್ಮದರ್ಶಕದಲ್ಲಿ ತಾಸುಗಟ್ಟಲೆ ಎಣಿಸಿದರೂ ಅವರು ಹೇಳಿದ್ದೇ ನಿಜವಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶಹಾಪುರದ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಅಧ್ಯಾಪಕಿ, ಡಾಕ್ಟರೇಟ್ ಪಡೆದವಳು. ಅವರು ನಮ್ಮ ಪ್ರಯೋಗಾಲಯದ ಅಟೆಂಡರ್, ಏಳನೆಯ ತರಗತಿಗೇ ಶಾಲೆ ಬಿಟ್ಟವರು. ಆದರೂ ವಿದ್ಯಾರ್ಥಿಗಳು ಸಂದೇಹ ಬಂದರೆ ನನ್ನನ್ನು ದಾಟಿ "ಚಾಚಾ" ಎನ್ನುತ್ತ ಅವರತ್ತ ಓಡುವರು. ಹಳ್ಳದಲ್ಲಿ ಮೀನು ಹಿಡಿದು ಮಾರುವ ಭೀಮವ್ವನೂ ಅಷ್ಟೇ. ನನಗೊಂದು ನಮಸ್ಕಾರ ಹಾಕಿ, ಮಾತಿಗೆ "ಅಣ್ಣಾ" ಎನ್ನುತ್ತ ಅವರ ಹತ್ತಿರ ಕೂರುವಳು.

ಹಳ್ಳದ ಮೇಲ್ಭಾಗದಲ್ಲಿ ಹಳೆಯ ಬ್ಯಾಟರಿ ಒಡೆಯುವ ಶೆಡ್ಡೊಂದು ಬಂದಾಗ, ಬ್ಯಾಟರಿಯೊಳಗಿನ ಸೀಸವೆಂಬ ವಿಷಲೋಹ ಮೀನಿಗೆ ಸೇರಿದೆಯೇ ನೋಡಲು ಹೊರಟೆವು. ಲಾಲಸಾಬರು ಮೀನನ್ನು ಬಿದಿರಿನ ಸೀಳಿನಿಂದ ಕೊಯ್ದು ಗಾಜಿನ ಬಟ್ಟಲಲ್ಲೇ ಒಣಗಿಸುವರು. "ಲೋಹ ಹುಡುಕೋರು ಲೋಹ ಮುಟ್ಟಬಾರದ್ರಿ" ಎಂದು ನನಗೇ ಪಾಠ. ಅವರು ರಜೆ ಹಾಕಿದ ಒಂದು ದಿನ, ಈ ಶೋಧ ನನ್ನೊಬ್ಬಳದಾಗಲಿ ಎಂದು ನಾನೇ ಹೋಗಿ ಭೀಮವ್ವನಿಂದ ಮೀನು ತಂದೆ. ಗಾಜಿನ ಬಟ್ಟಲುಗಳಿದ್ದ ಕಪಾಟಿನ ಕೀಲಿ ಅವರ ಬಳಿ ಇತ್ತು. ಫೋನು ಮಾಡಿ ಕೇಳಲು ಮನಸ್ಸು ಒಪ್ಪಲಿಲ್ಲ. ಮನೆಯಲ್ಲಿದ್ದ ಬಣ್ಣ ಬಳಿದ ತಗಡಿನ ತಟ್ಟೆಯಲ್ಲಿ ಒಣಗಿಸಿ ಪರೀಕ್ಷೆಗೆ ಕಳಿಸಿಬಿಟ್ಟೆ.

ವರದಿಯಲ್ಲಿ ಸೀಸ ವಿಪರೀತ ಇತ್ತು. ನಾನು ಊರಿಗೆಲ್ಲ ಹೇಳಿದೆ. ಭೀಮವ್ವನ ಬುಟ್ಟಿಯತ್ತ ಯಾರೂ ಸುಳಿಯದಾದರು. ಲಾಲಸಾಬರು ಸುದ್ದಿ ಕೇಳಿದವರೇ, ನಾನು ಮೀನು ಒಣಗಿಸಿದ ತಟ್ಟೆಯನ್ನು ತರಿಸಿ ಉಗುರಿನಿಂದ ಕೆರೆದು ನೋಡಿದರು. "ಬಣ್ಣ ಏಳಾಕತ್ತೈತ್ರಿ. ಸೀಸ ಇದರದಾ ಇರಬೇಕು" ಎಂದಷ್ಟೇ ಅಂದು, ಹೊಸ ಮೀನು ಕೊಯ್ಯಲು ಕುಳಿತರು. ಎರಡನೆಯ ವರದಿಯಲ್ಲಿ ಮೀನಿನ ಮಾಂಸದಲ್ಲಿ ಸೀಸ ಹೆಸರಿಗೂ ಇರಲಿಲ್ಲ.

ಭೀಮವ್ವನ ಮುಂದೆ ನಿಲ್ಲಲು ನನಗೆ ಧೈರ್ಯ ಬರಲಿಲ್ಲ. ಲಾಲಸಾಬರೇ ಹೋಗಿ, ತಪ್ಪು ತಮ್ಮದೆಂದು ಹೇಳಿ, ಸಂತೆಯಲ್ಲಿ ಎಲ್ಲರೆದುರು ಅವಳ ಮೀನು ಕೊಂಡರು. ಅವಳು ಕ್ಷಮಿಸಿದಳಂತೆ. ನಾಚಿಕೆಪಡಬೇಕಾದ ನಾನು ಆಗಲೂ ಹೊಟ್ಟೆಕಿಚ್ಚು ಪಟ್ಟೆ. ನನ್ನ ತಪ್ಪಿಗೆ ಸಿಕ್ಕ ಕ್ಷಮೆಯೂ ಅವರಿಗೇ ಹೋಯಿತಲ್ಲ ಎಂದು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಹೋದ ವರ್ಷ ಲಾಲಸಾಬರು ತೀರಿಕೊಂಡರು. ಅವರ ಊರಾದ ಗೋಗಿಯಲ್ಲಿ, ಮನೆಯ ಅಂಗಳದಲ್ಲಿ ಭೀಮವ್ವ ಅಳುತ್ತ ಕುಳಿತಿದ್ದಳು. ನಾನು ಪಕ್ಕದಲ್ಲಿ ಕುಳಿತು, ಅವತ್ತಿನ ತಪ್ಪು ನನ್ನದು ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗೊತ್ತೈತ್ರಿ. ಅವತ್ತ ನನ್ನ ಕಡಿಂದ ಮೀನ ಒಯ್ದಾಕಿ ನೀವ ಅಲ್ಲೇನ್ರಿ? ನೀವ ಬಂದು ಹೇಳ್ತೀರಂತ ಇಷ್ಟ ವರ್ಷ ಹಾದಿ ನೋಡೀವ್ರಿ, ನಾನೂ ಅಣ್ಣನೂ."