ಚೆನ್ನವ್ವನ ತಾರೀಖು

ಇಚಲಕರಂಜಿ ಕೋರ್ಟಿನ ಗಡಿಯಾರ ತಪ್ಪಬಹುದು, ತಾರೀಖಿನ ದಿನ ಯಡ್ರಾವದ ಚೆನ್ನವ್ವ ತಪ್ಪುವವಳಲ್ಲ. ನ್ಯಾಯಾಧೀಶರಿಗಿಂತ ಮೊದಲೇ ಬಂದು ಬೆಂಚಿನ ತುದಿ ಹಿಡಿಯುತ್ತಾಳೆ. ಎದುರು ವಕೀಲ ಮುಂದಿನ ತಾರೀಖು ಕೇಳಿದಾಗಲೆಲ್ಲ ಬುತ್ತಿಗಂಟನ್ನು ಇನ್ನಷ್ಟು ಬಿಗಿಯುತ್ತಾಳೆ. ಪಾವರ್‌ಲೂಮಿನಲ್ಲಿ ಅವಳ ಕೆಲಸ ನೋಡಿಕೊಳ್ಳುತ್ತಿದ್ದ ಮುಕಾದಮ ಯುವರಾಜ ಅವಳನ್ನು ಸಲಾಕೆಯಿಂದ ಹೊಡೆದು ಐದು ವರ್ಷವಾಯಿತು. ಶಿಪಾಯಿ "ಸರಕಾರ ವಿರುದ್ಧ ಯುವರಾಜ" ಎಂದು ಕೂಗಿದ ಕೂಡಲೇ ಎದ್ದು ಬಲಗೈ ಎತ್ತುತ್ತಾಳೆ. "ನಿನ್ನ ಹೆಸರ ಕರದಿಲ್ಲ ಯವ್ವಾ, ಕುಂಡ್ರು" ಎಂದು ಅವನು ಹೇಳಿದರೆ, "ಹೊಡಿಸಿಕೊಂಡಾಕಿ ಸರಕಾರ ಅಲ್ರೀ, ನಾನು" ಎನ್ನುತ್ತಾಳೆ. ಆ ಕೈ ಭುಜದ ಮಟ್ಟ ದಾಟುವುದಿಲ್ಲ. ಒಮ್ಮೆ ನೋಡಲಾರದೆ ಶಿಪಾಯಿಯೇ, "ಎಡಗೈ ಎತ್ತ ಯವ್ವಾ" ಎಂದ. ಚೆನ್ನವ್ವ ಬಲಗೈ ಇಳಿಸಲಿಲ್ಲ. "ಹೊಡತ ತಿಂದದ್ದು ಈ ಕೈರೀ. ಹಾಜರೀನೂ ಇದ ಹೇಳಲಿ."